ಸ್ಪ್ಯಾನಿಷ್ ಭವಿಷ್ಯತ್ ಕಾಲವನ್ನು ನಾನು ಕಲಿತ ಬಗೆ

ಸ್ಪ್ಯಾನಿಷ್‌ನ ವರ್ತಮಾನ ಕಾಲದಲ್ಲಿ ಆರ್, ಏರ್, ಈರ್ ಎಂದು ಕೊನೆಗೊಳ್ಳುವ ಕ್ರಿಯಾಪದಗಳ ಕೊನೆಯ ಭಾಗವನ್ನು ತೆಗೆದು, ಗುಂಪಿಗೆ ತಕ್ಕಂತೆ ಪ್ರತ್ಯಯ ಹಚ್ಚಬೇಕು. ಭವಿಷ್ಯತ್ ಕಾಲದಲ್ಲಿ ಅದಾವುದೂ ಇಲ್ಲ. ನಿಘಂಟಿನಲ್ಲಿರುವ ಮೂಲರೂಪವನ್ನು ಇಡಿಯಾಗಿ ಉಳಿಸಿಕೊಂಡು ಅದರ ಮುಂದೆ ಏ, ಆಸ್, ಆ, ಏಮೊಸ್, ಏಯ್ಸ್, ಆನ್ ಎಂಬ ಪ್ರತ್ಯಯಗಳನ್ನು ಸೇರಿಸಿದರಾಯಿತು. ಮೂರು ಗುಂಪುಗಳಿಗೂ ಇವೇ ಸಾಕು.

ಈ ಪ್ರತ್ಯಯಗಳನ್ನು ನಾನು ಉರುಹೊಡೆಯಲಿಲ್ಲ, ಅವುಗಳ ಮೂಲ ತಿಳಿದುಕೊಂಡೆ. ಇವು 'ಅಬೇರ್' ಎಂಬ ಸಹಾಯಕ ಕ್ರಿಯಾಪದದ ವರ್ತಮಾನ ರೂಪಗಳು. ಏ, ಆಸ್, ಆ, ಏಮೊಸ್, ಆನ್ ಎಂಬ ಐದು ಹಾಗೆಯೇ ಉಳಿದಿವೆ, 'ಅಬೇಯ್ಸ್' ಮಾತ್ರ 'ಏಯ್ಸ್' ಎಂದು ಮೊಟಕಾಗಿದೆ. ಆಂಟೋನಿಯೊ ದೆ ನೆಬ್ರಿಹಾ ಎಂಬ ವೈಯಾಕರಣ 1492ರಲ್ಲೇ ಈ ಸಂಬಂಧವನ್ನು ಗುರುತಿಸಿದ್ದರು. 'ಅಬೇರ್' ಮೊದಲೇ ಗೊತ್ತಿದ್ದುದರಿಂದ ನನಗೆ ಹೊಸದಾಗಿ ಕಲಿಯಬೇಕಾದದ್ದು ಬಹಳ ಉಳಿಯಲಿಲ್ಲ.

ನಿಜವಾಗಿ ಶ್ರಮ ಬೇಡಿದ್ದು ಸ್ವರದ ಒತ್ತು. 'ಮಾತನಾಡು' ಎಂಬರ್ಥದ ಅಬ್ಲಾರ್ ಪದದಲ್ಲಿ ಒತ್ತು 'ಲಾ' ಮೇಲಿದೆ. ಭವಿಷ್ಯತ್ತಿನಲ್ಲಿ ಅದು ಪ್ರತ್ಯಯಕ್ಕೆ ಜಾರುತ್ತದೆ. ಅಬ್ಲರೇ, ಅಬ್ಲರಾಸ್, ಅಬ್ಲರಾ, ಅಬ್ಲರೇಮೊಸ್, ಅಬ್ಲರೇಯ್ಸ್, ಅಬ್ಲರಾನ್. ಒತ್ತು ಬೀಳುವಲ್ಲಿ ದೀರ್ಘ ಹಾಕಿ ಕನ್ನಡ ಲಿಪಿಯಲ್ಲಿ ಬರೆದುಕೊಂಡು, ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿದೆ. 'ಅಬ್ಲರಾ' ಎಂದರೆ ಅವನು ಮಾತನಾಡುವನು. ಒತ್ತನ್ನು ಹಿಂದಕ್ಕೆ ತಂದು 'ಅಬ್ಲಾರ' ಎಂದರೆ ಅದು 'ಮಾತನಾಡಲಿ' ಎಂಬ ಆಶಯದಂಥ ವಾಕ್ಯಗಳಲ್ಲಿ ಬರುವ ಭೂತಕಾಲದ ಬೇರೊಂದು ರೂಪವಾಗುತ್ತದೆ. ಬರವಣಿಗೆಯಲ್ಲಿ ಈ ವ್ಯತ್ಯಾಸವನ್ನು ಕಾಯುವುದು ಸ್ವರದ ಮೇಲಿನ ಒಂದು ಗೀಟು ಮಾತ್ರ. ಏಮೊಸ್ ಒಂದನ್ನು ಬಿಟ್ಟು ಉಳಿದ ಐದೂ ಪ್ರತ್ಯಯಗಳ ಮೇಲೆ ಅದನ್ನು ತಪ್ಪದೆ ಹಾಕಬೇಕು.

ಬೇರೆ ಕಾಲಗಳಲ್ಲಿ ಅಡ್ಡಾದಿಡ್ಡಿಯಾಗಿ ನಡೆಯುವ ಸೇರ್ ('ಇರು'), ಎಸ್ತಾರ್ (ಇದೂ 'ಇರು'), ಈರ್ ('ಹೋಗು') ಇಲ್ಲಿ ಸಂಪೂರ್ಣ ನಿಯಮಬದ್ಧವಾಗಿ ಸೆರೇ, ಎಸ್ತರೇ, ಇರೇ ಎಂದಾಗುತ್ತವೆ. 'ಹೊಂದಿರು' ಎಂಬರ್ಥದ ತೆನೇರ್‌ನಿಂದ ತೆಂದ್ರೇ, 'ಮಾಡು' ಎಂಬರ್ಥದ ಅಸೇರ್‌ನಿಂದ ಅರೇ ಎಂಬಂತೆ ಧಾತು ಬದಲಾಗುವ ಪದಗಳು ಕೆಲವೇ, ಅವುಗಳಲ್ಲೂ ಪ್ರತ್ಯಯ ಬದಲಾಗುವುದಿಲ್ಲ.

ಇನ್ನು ಬಳಕೆಯ ವಿಷಯ. ದಿನನಿತ್ಯದ ಮಾತಿನಲ್ಲಿ, ಅದರಲ್ಲೂ ಲ್ಯಾಟಿನ್ ಅಮೆರಿಕದಲ್ಲಿ, ಮುಂದೆ ಮಾಡಲಿರುವ ಕೆಲಸವನ್ನು ಹೇಳಲು 'ಬೊಯ್ ಆ ಅಬ್ಲಾರ್' (ಮಾತನಾಡಲಿದ್ದೇನೆ) ಎಂಬ ರಚನೆಯೇ ಹೆಚ್ಚಾಗಿ ಕೇಳಿಬರುತ್ತದೆ. ನಾನು ಸರಳ ಭವಿಷ್ಯತ್ತನ್ನು ವಾಗ್ದಾನ, ಭವಿಷ್ಯವಾಣಿ, ಔಪಚಾರಿಕ ಬರಹ, ಎಲ್ಲಕ್ಕಿಂತ ಮಿಗಿಲಾಗಿ ಊಹೆಗೆ ಬಳಸುತ್ತೇನೆ. 'ಎಸ್ತರಾ ಎನ್ ಕಾಸ' ಎಂದರೆ ಸಂದರ್ಭಕ್ಕೆ ತಕ್ಕಂತೆ ಅವನು ಈಗ ಮನೆಯಲ್ಲಿ ಇದ್ದಾನು, ಇರಬಹುದು ಎಂದರ್ಥ. 'ಕೇ ಓರ ಸೆರಾ' ಎಂದರೆ ಗಂಟೆ ಎಷ್ಟಾಗಿರಬಹುದು ಎಂದು. ಊಹೆಗೆ 'ಇದ್ದಾನು, ಬಂದಾನು' ಎಂಬ ಪ್ರತ್ಯೇಕ ರೂಪವನ್ನೇ ಇಟ್ಟುಕೊಂಡಿರುವ ನಮಗೆ ಭವಿಷ್ಯತ್ತಿನ ಈ ಪ್ರಯೋಗ ಕಿವಿಗೆ ಒಗ್ಗಲು ತುಸು ಹೊತ್ತು ಹಿಡಿದರೂ, ನನಗೆ ಈ ಕಾಲರೂಪದಲ್ಲಿ ಅತ್ಯಂತ ಪ್ರಿಯವಾದದ್ದು ಇದೇ.

ಎರಡು ಕಡೆ ಮಾತ್ರ ಕೈ ತಡೆಯಬೇಕು. 'ಸಿ' ಎಂಬ ಷರತ್ತಿನ ನಂತರ ವರ್ತಮಾನ ಕಾಲ ಬರುತ್ತದೆ: 'ಸಿ ಎಸ್ತೂದ್ಯಸ್, ಅಪ್ರೆಂದೆರಾಸ್', ಓದಿದರೆ ಕಲಿಯುವೆ. ಮುಂದೆ ಆಗಲಿರುವುದನ್ನು ಹೇಳುವ 'ಕ್ವಾಂದೊ' ನಂತರ ಸಬ್ಜಂಕ್ಟಿವ್, ಅಂದರೆ ಇನ್ನೂ ನಡೆಯದ ಕ್ರಿಯೆಯನ್ನು ಸೂಚಿಸುವ ರೂಪ, ಬರುತ್ತದೆ: 'ಕ್ವಾಂದೊ ಯೇಗೆಸ್, ಅಬ್ಲರೇಮೊಸ್', ನೀನು ಬಂದಾಗ ಮಾತನಾಡೋಣ. ಎರಡು ವಾಕ್ಯಗಳಲ್ಲೂ ಭವಿಷ್ಯತ್ತಿಗೆ ಸ್ಥಾನವಿರುವುದು ಅಲ್ಪವಿರಾಮದ ಆಚೆಗಿನ ಭಾಗದಲ್ಲಿ. ಈ ಎರಡು ಮಾದರಿಗಳಲ್ಲಿ ಪುರುಷ, ವಚನ ಬದಲಿಸುತ್ತಾ ಹೊಸ ವಾಕ್ಯಗಳನ್ನು ಕಟ್ಟುವುದನ್ನು ನಾನು ಇಂದಿಗೂ ಬಿಟ್ಟಿಲ್ಲ.