ಬಾಲ ಹಿಡಿದು ಪದ ಹುಡುಕಿದ್ದು

ನಾನೂ ತಂಗಿಯೂ ಬಿಡುವಾದಾಗಲೆಲ್ಲ ಹಾಳೆಯ ಮೇಲೆ ಒಂದು ಆಟ ಆಡುತ್ತೇವೆ. ಒಬ್ಬರು ಐದಕ್ಷರದ ಇಂಗ್ಲಿಷ್ ಪದವೊಂದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಇನ್ನೊಬ್ಬರಿಗೆ ಆರು ಅವಕಾಶ. ಪ್ರತಿ ಸಲವೂ ಪೂರ್ತಿ ಪದವನ್ನೇ ಹೇಳಬೇಕು. ಅಕ್ಷರ ಸರಿಯಾದ ಜಾಗದಲ್ಲಿದ್ದರೆ ಅದರ ಸುತ್ತ ಸೊನ್ನೆ. ಪದದಲ್ಲಿ ಇದ್ದು ಜಾಗ ತಪ್ಪಿದ್ದರೆ ಕೆಳಗೆ ಗೆರೆ. 2021ರಲ್ಲಿ ಜಾಶ್ ವಾರ್ಡಲ್ ಅವರ ವರ್ಡಲ್ ಎಂಬ ಆನ್‌ಲೈನ್ ಆಟ ಬಂದ ಮೇಲೆ ಇಂಥ ಆಟ ಎಲ್ಲರಿಗೂ ಗೊತ್ತು, ಅಲ್ವಾ?

ಒಂದು ಸಂಜೆ ನಾನು ಹೇಳಿದ ಮೊದಲ ಪದ ನೈಟ್. ತಂಗಿ ಕೊನೆಯ ನಾಲ್ಕು ಅಕ್ಷರಕ್ಕೂ ಸೊನ್ನೆ ಸುತ್ತಿದಳು. ಐ, ಜಿ, ಎಚ್, ಟಿ. ಬಾಕಿ ಇದ್ದದ್ದು ಒಂದೇ ಅಕ್ಷರ, ಕೈಯಲ್ಲಿ ಇನ್ನೂ ಐದು ಅವಕಾಶ. ಗೆದ್ದೇ ಬಿಟ್ಟೆ ಅಂದುಕೊಂಡೆ. ಲೈಟ್ ಅಂದೆ, ಅಲ್ಲ. ರೈಟ್, ಫೈಟ್, ಸೈಟ್, ಮೈಟ್. ಒಂದೂ ಅಲ್ಲ. ಉತ್ತರ ಏಯ್ಟ್. ಎಂಟು ಅನ್ನುವ ಏಯ್ಟ್!

ಆ ರಾತ್ರಿ ತುಂಬ ಹೊತ್ತು ಇದನ್ನೇ ಯೋಚಿಸಿದೆ. ಏಯ್ಟ್ ಗೊತ್ತಿಲ್ಲದ ಪದವಲ್ಲ. ಆದರೂ ಯಾಕೆ ಹೊಳೆಯಲಿಲ್ಲ? ಯಾಕೆಂದರೆ ನಾನು ಕಿವಿಯಿಂದ ಹುಡುಕುತ್ತಿದ್ದೆ. ಕನ್ನಡದಲ್ಲಿ ಕೇಳಿದಂತೆ ಬರೆದು, ಬರೆದಂತೆ ಓದಿ ನಮಗೆ ಅಭ್ಯಾಸ. ‘ಐಟ್’ ಎಂದು ಕೇಳಿಸುವ ಪದಗಳೆಲ್ಲ ಮನಸ್ಸಿನಲ್ಲಿ ಸಾಲಾಗಿ ನಿಂತವು. ಅವುಗಳ ನಡುವೆ ಬಿಳಿ ಬಣ್ಣದ ವೈಟ್, ಬರೆಯುವ ರೈಟ್ ಕೂಡ ನುಗ್ಗಿದ್ದವು. ಅವೂ ಐದಕ್ಷರದವೇ, ಆದರೆ ಬಾಲ, ಅಂದರೆ ಕೊನೆಯ ಅಕ್ಷರಗಳು, ಐ-ಟಿ-ಇ. ಏಯ್ಟ್ ಮಾತ್ರ ಬೇರೆ ಥರ ಕೇಳಿಸುವುದರಿಂದ ಸಾಲಿಗೇ ಬರಲಿಲ್ಲ.

ಮರುದಿನವೇ ಒಂದು ನೋಟ್‌ಬುಕ್ ಶುರು ಮಾಡಿದೆ. ಒಂದು ಬಾಲಕ್ಕೆ ಒಂದು ಪುಟ. ಬಾಲವನ್ನು ಮೇಲೆ ಬರೆದು, ಎ ಇಂದ ಜೆಡ್‌ವರೆಗೆ ಒಂದೊಂದೇ ಅಕ್ಷರವನ್ನು ಮುಂದೆ ಇಟ್ಟು ನೋಡುತ್ತಾ ಹೋದೆ. ಬಾಯಿಂದ ಹೇಳದೆ, ಕಣ್ಣಿಂದಷ್ಟೇ. ಐ-ಜಿ-ಎಚ್-ಟಿ ಪುಟದಲ್ಲಿ ದಿನಬಳಕೆಯ ಪದ ಎಂಟು ಸಿಕ್ಕವು. ತಲೆಯ ಅಕ್ಷರಗಳು ಇ, ಎಫ್, ಎಲ್, ಎಂ, ಎನ್, ಆರ್, ಎಸ್, ಟಿ. ನೋಡಿ, ಎಲ್ಲಕ್ಕಿಂತ ಮೊದಲು ಸಿಗುವುದೇ ಏಯ್ಟ್. ಬಿ ಹಾಕಿದರೆ ಬೈಟ್ ಅಂತಲೂ ಒಂದಿದೆ, ಕಡಲ ದಡದ ಬಾಗಿದ ಭಾಗಕ್ಕೆ ಹೇಳುವುದು. ಅದು ಅಪರೂಪ.

ಆಮೇಲೆ ಕೆಲಸ ಸ್ಪ್ರೆಡ್‌ಶೀಟ್‌ಗೆ ಹೋಯಿತು. ಪದಗಳ ಪಟ್ಟಿ ಹಾಕಿ, ಲೆನ್ ಫಾರ್ಮುಲಾದಿಂದ ಉದ್ದ ಎಣಿಸಿ, ರೈಟ್ ಫಾರ್ಮುಲಾದಿಂದ ಕೊನೆಯ ನಾಲ್ಕು ಅಕ್ಷರ ಬೇರೆ ಮಾಡಿ, ಅದರ ಮೇಲೆ ಸಾರ್ಟ್ ಮಾಡಿದರೆ ಒಂದೇ ಬಾಲದವು ಒಂದೇ ಕಡೆ ಬಂದು ಕೂರುತ್ತವೆ. ಹೀಗೆ ಹಿಂದಿನಿಂದ ಜೋಡಿಸುವ ಕೆಲಸವನ್ನು ಜಾನ್ ವಾಕರ್ 1775ರಲ್ಲೇ ಒಂದು ಇಡೀ ನಿಘಂಟಿಗೆ ಮಾಡಿದ್ದರು, ಅದೂ ಕೈಯಲ್ಲಿ. ಅದನ್ನು ನೆನೆದರೆ ಈಗಲೂ ಗೌರವ ಹುಟ್ಟುತ್ತದೆ.

ಪಟ್ಟಿ ಇದ್ದರೆ ಮಾತ್ರ ಸಾಲದು. ಎಂಟು ಪದವನ್ನು ಒಂದೊಂದಾಗಿ ಹೇಳುತ್ತಾ ಕೂತರೆ ಅವಕಾಶ ಮುಗಿಯುತ್ತದೆ. ಹಾಗಾಗಿ ಬಾಲ ಸಿಕ್ಕ ಕೂಡಲೇ ಬಾಲವನ್ನು ಬಿಟ್ಟುಬಿಡಬೇಕು. ತಲೆಯ ಅಕ್ಷರಗಳನ್ನೇ ಒಟ್ಟು ಸೇರಿಸಿದ ಬೇರೊಂದು ಪದ ಹೇಳಬೇಕು. ಐ-ಜಿ-ಎಚ್-ಟಿಗೆ ನನ್ನ ಪದ ಫಿಲ್ಮ್ಸ್. ಅದು ಉತ್ತರ ಅಲ್ಲವೇ ಅಲ್ಲ, ಆದರೆ ಎಫ್, ಎಲ್, ಎಂ, ಎಸ್ ನಾಲ್ಕನ್ನೂ ಒಂದೇ ಏಟಿಗೆ ಪರೀಕ್ಷೆ ಮಾಡುತ್ತದೆ. ಯಾವುದಕ್ಕೆ ಗುರುತು ಬಿತ್ತೋ ಅದೇ ತಲೆ. ಯಾವುದಕ್ಕೂ ಬೀಳದಿದ್ದರೆ ಟೆನರ್. ಅದರಲ್ಲಿ ಟಿ, ಇ, ಎನ್, ಆರ್ ಇವೆ. ಟಿ ಬಾಲದಲ್ಲೂ ಇರುವುದರಿಂದ ಗುರುತು ಹೇಗೂ ಬೀಳುತ್ತದೆ. ಗೆರೆ ಬದಲು ಸೊನ್ನೆ ಬಿದ್ದರೆ ಮಾತ್ರ ಟೈಟ್. ಅವತ್ತು ಹೀಗೆ ಆಡಿದ್ದರೆ ನಾಲ್ಕನೇ ಅವಕಾಶದಲ್ಲಿ ಏಯ್ಟ್ ಸಿಗುತ್ತಿತ್ತು. ಎ-ಟಿ-ಸಿ-ಎಚ್ ಬಾಲಕ್ಕೆ ಕ್ಲ್ಯಾಂಪ್ ಇದೇ ಕೆಲಸ ಮಾಡುತ್ತದೆ. ವರ್ಡಲ್‌ನ ಹಾರ್ಡ್ ಮೋಡ್‌ನಲ್ಲಿ ಮಾತ್ರ ಇದು ನಡೆಯುವುದಿಲ್ಲ, ಸಿಕ್ಕ ಅಕ್ಷರವನ್ನು ಅಲ್ಲಿ ಬಿಡುವ ಹಾಗಿಲ್ಲ.

ನೋಟ್‌ಬುಕ್‌ನಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಈ ಜಿ-ಎಚ್ ಜೋಡಿ. ಸುಮ್ನೆ ಕೂತಿದೆ, ಸದ್ದೇ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಗಂಟಲಿನಿಂದ ಬರುವ ಒಂದು ಸದ್ದಿತ್ತು. ಜರ್ಮನ್ನರು ರಾತ್ರಿಗೆ ನಾಖ್ಟ್, ಎಂಟಕ್ಕೆ ಆಖ್ಟ್ ಅನ್ನುವಾಗ ಆ ಸದ್ದು ಈಗಲೂ ಕೇಳಿಸುತ್ತದೆ. ರಾತ್ರಿ ಅನ್ನುವ ಅರ್ಥದ, ನಮಗೆ ಗೊತ್ತಿರುವ ಸಂಸ್ಕೃತದ ನಕ್ತ ಕೂಡ ನೈಟ್‌ನ ಮೂಲದ್ದೇ. ಅದರಲ್ಲಿ ಕಕಾರ ಇರುವ ಜಾಗದಲ್ಲೇ ಇಂಗ್ಲಿಷಿನ ಜಿ-ಎಚ್ ಕೂತಿದೆ. ಅಂದರೆ ನೈಟ್ ಮತ್ತು ಏಯ್ಟ್ ಒಂದು ಕಾಲಕ್ಕೆ ಇನ್ನೂ ಹತ್ತಿರದವು. ಬಾಯಿ ಅವನ್ನು ದೂರ ಮಾಡಿತು, ಕಾಗುಣಿತ ಜೊತೆಯಲ್ಲೇ ಉಳಿಸಿಕೊಂಡಿತು. ಡಿಲೈಟ್ ಕಥೆ ಇದಕ್ಕೆ ಉಲ್ಟಾ. ಅದು ಫ್ರೆಂಚ್‌ನಿಂದ ಬಂದದ್ದು, ಅದಕ್ಕೆ ಜಿ-ಎಚ್ ಇರಲೇ ಇಲ್ಲ. ಲೈಟ್ ಥರ ಕೇಳಿಸುತ್ತದೆ ಅಂತ ಜನ ಸೇರಿಸಿಬಿಟ್ಟರು.

ಮೊನ್ನೆ ಮತ್ತೆ ಆಡಿದೆವು. ನನ್ನ ಮೊದಲ ಪದ ರೌಂಡ್. ಒ, ಯು, ಎನ್, ಡಿ ನಾಲ್ಕಕ್ಕೂ ಸೊನ್ನೆ ಬಿತ್ತು, ಆರ್‌ಗೆ ಏನೂ ಇಲ್ಲ. ಸೌಂಡ್, ಪೌಂಡ್, ಫೌಂಡ್ ಅಂತ ನಾಲಿಗೆ ತುದಿಯವರೆಗೆ ಬಂತು. ತಡೆದುಕೊಂಡು ಶ್ರಬ್ ಅಂದೆ, ಎಸ್, ಎಚ್, ಬಿ ನೋಡಲು. ಒಂದೂ ತಗುಲಲಿಲ್ಲ. ಫ್ರಂಪ್ ಅಂದೆ, ಎಫ್, ಎಂ, ಪಿಗೆ. ಅವೂ ಇಲ್ಲ. ಪುಟದಲ್ಲಿ ಉಳಿದದ್ದು ಡಬ್ಲ್ಯು ಒಂದೇ. ಗಾಯ ಅನ್ನುವ ವೂಂಡ್. ರೌಂಡ್‌ನ ಪಕ್ಕ ಕಿವಿ ಅದನ್ನು ಯಾವತ್ತೂ ತಂದು ಕೂರಿಸುತ್ತಿರಲಿಲ್ಲ. ತಂಗಿ ಮಾತಾಡದೆ ಐದೂ ಅಕ್ಷರಕ್ಕೆ ಸೊನ್ನೆ ಸುತ್ತಿ ಹಾಳೆಯನ್ನು ನನ್ನ ಕಡೆ ತಿರುಗಿಸಿದಳು.