ವಾರ್ಡಿನ ಹಸು ಮೂಲೆ ಬಿಟ್ಟು ಕದಲಿದ್ದು

ನಮ್ಮ ವಾರ್ಡಿನಲ್ಲಿ ಆರು ಹಸುಗಳಿದ್ದವು. ಹಸು ಅಂದರೆ ಹಾಸಿಗೆಯಿಂದ ಹಾಸಿಗೆಗೆ ತಳ್ಳಿಕೊಂಡು ಹೋಗುವ ಕಂಪ್ಯೂಟರ್ ಗಾಡಿ. ಕಂಪ್ಯೂಟರ್ ಆನ್ ವೀಲ್ಸ್ ಅನ್ನೋ ಅದರ ಹೆಸರಿನ ಮೊದಲಕ್ಷರಗಳನ್ನು ಇಂಗ್ಲಿಷಿನಲ್ಲಿ ಕೂಡಿಸಿ ಓದಿದರೆ 'ಕೌ' ಆಗುತ್ತದೆ. ರೋಗಿಗಳು ತಪ್ಪು ತಿಳಿದಾರು ಅಂತ ಅಮೆರಿಕದ ಹಲವು ಆಸ್ಪತ್ರೆಗಳು ಅದನ್ನು 'ವರ್ಕ್‌ಸ್ಟೇಷನ್ ಆನ್ ವೀಲ್ಸ್' ಮಾಡಿಕೊಂಡವು. ನಮ್ಮ ಸಿಸ್ಟರ್‌ಗಳಿಗೆ ಆ ಸಂಕೋಚವೇ ಇಲ್ಲ. "ಹಸುಗೆ ಮೇವು ಹಾಕಿದ್ರಾ?" ಅಂದರೆ ಚಾರ್ಜಿಗೆ ಹಾಕಿದ್ರಾ ಅಂತ.

ಕಷ್ಟ ಏನೆಂದರೆ, ಆರರಲ್ಲಿ ನಾಲ್ಕು ಹಸುಗಳು ಗೂಟಕ್ಕೆ ಕಟ್ಟಿದ ಹಾಗೆ ಪ್ಲಗ್ಗಿನ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ನಾನು ಅಲ್ಲಿ ಬಯೋಮೆಡಿಕಲ್ ಎಂಜಿನಿಯರ್. ಹೊಸ ಗಾಡಿ ತರಿಸೋಣ, ಸ್ಕ್ರೀನ್ ದೊಡ್ಡದಿರಲಿ ಅಂತ ಮೇಲಿನವರು ಹೇಳಿದರು. ಅದಕ್ಕೆ ಮೊದಲು ಎರಡು ನೈಟ್ ಡ್ಯೂಟಿ ಸುಮ್ನೆ ಕೂತು ನೋಡುತ್ತೇನೆ ಅಂದೆ.

ರಾತ್ರಿ ಎರಡು ಗಂಟೆ ಇರಬಹುದು. ಒಬ್ಬರು ಸಿಸ್ಟರ್ ಬಿಪಿ ನೋಡಿದರು. ಮೈಕ್ರೋಪೋರ್ ಟೇಪಿನ ತುಂಡೊಂದು ಅವರ ಎಡಗೈ ಹೆಬ್ಬೆರಳಿಗೆ ಆಗಲೇ ಅಂಟಿತ್ತು. ಅದರ ಮೇಲೆ ಪೆನ್ನಿನಲ್ಲಿ 130/80 ಅಂತ ಬರೆದುಕೊಂಡು ಮುಂದಿನ ಹಾಸಿಗೆಗೆ ಹೋದರು. ಟೇಪು ತುಂಬಿದ ಮೇಲೆ ಗ್ಲೌಸ್ ಪೊಟ್ಟಣದ ಹಿಂಬದಿ. ಐದು ಗಂಟೆಗೆ ಸ್ಟೇಷನ್ನಿನಲ್ಲಿ ಕೂತು ಎಲ್ಲವನ್ನೂ ಒಟ್ಟಿಗೆ ಟೈಪ್ ಮಾಡಿದರು. ಔಷಧಿಯದ್ದೂ ಇದೇ ಕಥೆ. ರೋಗಿಯ ಮಣಿಕಟ್ಟಿನ ಬ್ಯಾಂಡ್, ಔಷಧಿಯ ಬಾರ್‌ಕೋಡ್ ಎರಡನ್ನೂ ಹಾಸಿಗೆಯ ಪಕ್ಕದಲ್ಲೇ ಸ್ಕ್ಯಾನ್ ಮಾಡಿದರೆ ತಾನೇ ತಪ್ಪು ಸಿಕ್ಕುವುದು? ಕೊಟ್ಟು ಮೂರು ಗಂಟೆ ಆದ ಮೇಲೆ ಕಂಪ್ಯೂಟರ್ ಕೆಂಪು ಬಣ್ಣ ತೋರಿಸಿ ಏನು ಪ್ರಯೋಜನ.

"ಗಾಡಿ ತಗೊಂಡು ಹೋಗಬಹುದಲ್ವಾ?" ಅಂತ ಕೇಳಿದೆ.

"ನೀವೇ ಒಂದ್ಸಲ ತಳ್ಳಿ ನೋಡಿ ಸಾರ್."

ತಳ್ಳಿದೆ. ಹತ್ತು ಹೆಜ್ಜೆಗೆ ಗಾಡಿ ಎಡಕ್ಕೆ ಎಳೆಯಿತು. ಬಾಗಿಲ ಪಟ್ಟಿಗೆ ಬಡಿದು ನಿಂತಿತು. ಆ ಸದ್ದಿಗೆ ಇಬ್ಬರು ರೋಗಿಗಳು ಎದ್ದರು. ಮಗುಚಿ ನೋಡಿದರೆ 75 ಮಿ.ಮೀ.ನ ನೈಲಾನ್ ಚಕ್ರಗಳು, ಅಚ್ಚಿನ ತುಂಬಾ ಕೂದಲು ಮತ್ತು ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ನೂಲು. ಚಿಮಟದಿಂದ ಎಳೆದು ತೆಗೆಯಲು ಅರ್ಧ ಗಂಟೆ ಬೇಕಾಯಿತು. ಕಂಪ್ಯೂಟರ್ ಬಗ್ಗೆ ಯಾರಿಗೂ ದೂರೇ ಇರಲಿಲ್ಲ. ದೂರೆಲ್ಲ ಚಕ್ರದ್ದು, ಬ್ಯಾಟರಿಯದ್ದು.

ಚಕ್ರದ ಕೆಲಸ ಸುಲಭ. ಮೆತ್ತನೆ ರಬ್ಬರಿನ 125 ಮಿ.ಮೀ. ಚಕ್ರ ಹಾಕಿ, ನೂಲು ಒಳಗೆ ಸೇರದಂತೆ ಪಕ್ಕಕ್ಕೆ ಮುಚ್ಚಳ ಕೊಟ್ಟೆವು. ಒಂದು ಚಕ್ರಕ್ಕೆ ದಿಕ್ಕು ಹಿಡಿದು ನಿಲ್ಲುವ ಲಾಕ್. ಉದ್ದನೆಯ ಕಾರಿಡಾರಿನಲ್ಲಿ ಅದನ್ನು ಹಾಕಿಕೊಂಡರೆ ಒಂದೇ ಕೈಯಲ್ಲಿ ನೇರ ಹೋಗುತ್ತದೆ.

ಬ್ಯಾಟರಿ ಹಾಗಲ್ಲ, ತುಂಬಾ ಸತಾಯಿಸಿತು. ಹಳೆಯದು 12 ವೋಲ್ಟಿನ, 40 ಆಂಪಿಯರ್ ಅವರ್‌ನ ಲೆಡ್ ಆಸಿಡ್. ಲೆಕ್ಕಕ್ಕೆ 480 ವಾಟ್ ಅವರ್. ಆದರೆ ಅದನ್ನು ದಿನಾ ಪೂರ್ತಿ ಬಸಿದರೆ ಬೇಗ ಸಾಯುತ್ತದೆ, ಅರ್ಧವೇ ನೆಚ್ಚಿಕೊಳ್ಳಬೇಕು. ಮೇಲಿದ್ದದ್ದು 60 ವಾಟ್ ತಿನ್ನುವ ಡೆಸ್ಕ್‌ಟಾಪ್. ಅದಕ್ಕೊಂದು ಇನ್ವರ್ಟರ್, ಅದು ತಿನ್ನುವುದು ಬೇರೆ. ನಾಲ್ಕು ಗಂಟೆಯೂ ಬರುತ್ತಿರಲಿಲ್ಲ. ರಾತ್ರಿ ಶಿಫ್ಟ್ ಹನ್ನೆರಡು ಗಂಟೆ! ಮತ್ತೆ ಗೂಟಕ್ಕೆ ಕಟ್ಟದೆ ಇನ್ನೇನು ಮಾಡುತ್ತಾರೆ?

ಡೆಸ್ಕ್‌ಟಾಪ್ ತೆಗೆದು ನೇರ 12 ವೋಲ್ಟಿಗೇ ಓಡುವ ಮಿನಿ ಪಿಸಿ ಮತ್ತು ಸ್ಕ್ರೀನ್ ಹಾಕಿದೆವು. ಎರಡೂ ಸೇರಿ 35 ವಾಟ್ ದಾಟಲಿಲ್ಲ. ಇನ್ವರ್ಟರ್ ಬೇಡವಾಯಿತು. ಅಷ್ಟೇ ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಬಂತು. ಇದರಲ್ಲಿ ಶೇ 80ರಷ್ಟನ್ನು ಧೈರ್ಯವಾಗಿ ಬಳಸಬಹುದು, ಹಾಗಾಗಿ ಸುಮಾರು ಹನ್ನೊಂದು ಗಂಟೆ ಬರುತ್ತದೆ. ಊಟದ ಹೊತ್ತಿಗೆ ಸ್ವಲ್ಪ ಚಾರ್ಜ್ ಮಾಡಿದರೆ ಬೆಳಗು ಹರಿಯುತ್ತದೆ. ತೂಕವೂ 13 ಕಿಲೋದಿಂದ 5 ಕಿಲೋಗೆ ಇಳಿಯಿತು.

ನಾನು ಬೀಗಿದ್ದು ಅಲ್ಲೇ. ಲಿಫ್ಟಿನ ಮುಂದಿನ ಇಳಿಜಾರಿನಲ್ಲಿ ಮೊದಲ ಗಾಡಿ ಸೀದಾ ಮಗುಚಿ ಬಿತ್ತು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. ಆ ಹಾಳು ಲೆಡ್ ಬ್ಯಾಟರಿ ಇಷ್ಟು ವರ್ಷ ಬುಡದಲ್ಲಿ ಕೂತು ಗಾಡಿಯನ್ನು ಹಿಡಿದು ನಿಲ್ಲಿಸಿತ್ತು ಅಂತ ನನಗೆ ಹೊಳೆದೇ ಇರಲಿಲ್ಲ. ವೈದ್ಯಕೀಯ ಉಪಕರಣಗಳ ಐಇಸಿ 60601 ಮಾನದಂಡದ ಪ್ರಕಾರ, ಸಾಗಿಸುವ ಸ್ಥಿತಿಯಲ್ಲಿ ಗಾಡಿ 10 ಡಿಗ್ರಿ ಓರೆಯಲ್ಲೂ ಬೀಳಬಾರದು. ಒಂದು ಮೀಟರ್ ಹಲಗೆಯ ತುದಿಯನ್ನು 17 ಸೆಂ.ಮೀ. ಎತ್ತಿದರೆ ಹೆಚ್ಚುಕಡಿಮೆ ಅಷ್ಟೇ ಓರೆ. ಈ ಓರೆ ಪರೀಕ್ಷೆಯನ್ನು ಮೊದಲೇ ಮಾಡಬೇಕಿತ್ತು. ಆಮೇಲೆ ಮಾಡಿದೆವು, ನಾಲ್ಕೂ ಕಡೆಯಿಂದ. ಸ್ಕ್ರೀನಿನ ತೋಳು ಗಿಡ್ಡ ಮಾಡಿ, ಬುಡಕ್ಕೆ 4 ಕಿಲೋ ಕಬ್ಬಿಣದ ತಟ್ಟೆ ಬಿಗಿದೆವು. ಎಂಟು ಕಿಲೋ ಇಳಿಸಿ ನಾಲ್ಕು ಕಿಲೋ ವಾಪಸ್ ಹೊರಿಸಿದ್ದಕ್ಕೆ ವರ್ಕ್‌ಶಾಪ್‌ನವರು ಇವತ್ತಿಗೂ ನಗುತ್ತಾರೆ.

ಉಳಿದದ್ದೆಲ್ಲ ಸಿಸ್ಟರ್‌ಗಳೇ ಹೇಳಿಕೊಟ್ಟದ್ದು. ಕೀಬೋರ್ಡ್ ಕಾಣಲು ಕೆಳಮುಖವಾಗಿ ಒಂದು ಸಣ್ಣ ದೀಪ, ಸ್ಕ್ರೀನನ್ನು ಒಂದೇ ಗುಂಡಿಯಲ್ಲಿ ಮಂಕು ಮಾಡುವ ವ್ಯವಸ್ಥೆ, ಬೀಪ್ ಅನ್ನುವ ಬದಲು ನಡುಗುವ ವೈರ್‌ಲೆಸ್ ಸ್ಕ್ಯಾನರ್. ನಾನು ಅಂದುಕೊಂಡಂತೆ ಮೇಲ್ಭಾಗ ಅಗಲವಾಗಿದ್ದರೆ ಹತ್ತಿ, ಸಿರಿಂಜ್, ಟೀ ಕಪ್ಪು ಎಲ್ಲ ಅಲ್ಲೇ ಗುಡ್ಡೆ ಬೀಳುತ್ತದೆ ಅಂತ ಒಬ್ಬರು ಎಚ್ಚರಿಸಿದರು. ಕಿರಿದು ಮಾಡಿದೆ. ಅದು ನಿಜವೋ ಅಂತ ನೋಡಲು ಒಂದು ಗಾಡಿಯನ್ನು ಅಗಲವಾಗಿಯೇ ಬಿಟ್ಟಿದ್ದೆ. ಎರಡೇ ದಿನಕ್ಕೆ ಅದು ಸಂತೆಯಾಯಿತು.

ಈಗ ಆರೂ ಓಡಾಡುತ್ತವೆ. ಆದರೆ ಮೂಲೆಯ ಹದಿನಾಲ್ಕನೇ ಹಾಸಿಗೆ ಹತ್ತಿರ ವೈಫೈ ಕೈಕೊಡುತ್ತದೆ. ಹಳೇ ಕಟ್ಟಡ, ದಪ್ಪ ಗೋಡೆ. ಮೊನ್ನೆ ರೌಂಡ್ಸ್‌ನಲ್ಲಿ ಆ ಕಡೆಯಿಂದ ಬಂದ ಸಿಸ್ಟರ್ ನನ್ನನ್ನು ನೋಡಿ ಕೈ ಹಿಂದಕ್ಕೆ ಮುಚ್ಚಿಟ್ಟುಕೊಂಡರು. ಹೆಬ್ಬೆರಳಿಗೆ ಟೇಪ್ ಅಂಟಿತ್ತು.