ಆಡಳಿತ ಮಂಡಳಿಗೆ ನಾವು ಜನ ಹುಡುಕಿದ ಬಗೆ

2016ರ ಮಳೆಗಾಲ. ಬೆಂಗಳೂರಿನ ಒಂದು ಕಂಪನಿಯಲ್ಲಿ ಸಮಾಜದ ಕೆಲಸಗಳಿಗೆ ದುಡ್ಡು ಕೊಡುವ ಸಿಎಸ್‌ಆರ್ ವಿಭಾಗದಿಂದ ಇಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ನಾವು ನಡೆಸುವ ಸಂಜೆ ಕಲಿಕಾ ಕೇಂದ್ರಗಳಿಗೆ ದುಡ್ಡು ಕೊಡಬಹುದೇ ಅಂತ ನೋಡಿ ಹೋಗಲು. ಮಕ್ಕಳ ಜೊತೆ ಕೂತರು, ಪುಸ್ತಕಗಳನ್ನು ನೋಡಿದರು, ಖುಷಿಪಟ್ಟರು. ಆಮೇಲೆ ಆಡಳಿತ ಮಂಡಳಿಯ ಸಭೆಗಳ ನಡಾವಳಿ ಪುಸ್ತಕ ಕೇಳಿದರು. ಅವರಲ್ಲಿ ಒಬ್ಬ ಹೆಣ್ಣುಮಗಳು ಅದನ್ನು ಮೊದಲ ಪುಟದಿಂದ ತಿರುವುತ್ತಾ ಹೋದರು. ಎಲ್ಲ ಠರಾವುಗಳ ಕೊನೆಗೂ ‘ಸರ್ವಾನುಮತದಿಂದ’ ಅಂತ ಇತ್ತು.

‘ಮೇಡಂ, ಏಳು ವರ್ಷದಲ್ಲಿ ಒಬ್ಬರೂ, ಒಮ್ಮೆಯೂ ಬೇಡ ಅಂದಿಲ್ವಾ?’ ಅಂತ ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದರಲ್ಲಿ ಅರ್ಧದಷ್ಟು ಸಭೆಗಳು ನಡೆದೇ ಇರಲಿಲ್ಲ. ನಾನು ನಡಾವಳಿ ಬರೆದು, ಸ್ಕೂಟಿಯಲ್ಲಿ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತಿದ್ದೆ. ಆ ಕಂಪನಿಯ ದುಡ್ಡು ಬರಲಿಲ್ಲ. ದುಡ್ಡು ಬರದೇ ಹೋದದ್ದಕ್ಕಿಂತ ಆ ಪ್ರಶ್ನೆ ನನ್ನನ್ನು ಜಾಸ್ತಿ ಕಾಡಿತು.

ನಮ್ಮ ಸಂಘ ನೋಂದಣಿಯಾದದ್ದು 2009ರಲ್ಲಿ, ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ. ಸಂಘ ಕಟ್ಟಲು ಕನಿಷ್ಠ ಏಳು ಜನ ಬೇಕು. ನಮ್ಮ ತಲೆಯಲ್ಲಿ ಇದ್ದದ್ದು ‘ಏಳು ಸಹಿ ಬೇಕು’ ಅಂತ ಅಷ್ಟೇ. ನಾನು, ನಮ್ಮ ಮನೆಯವರು, ಮೈದುನ, ನನ್ನ ಜೊತೆ ಪಾಠ ಮಾಡುತ್ತಿದ್ದ ಇಬ್ಬರು ಗೆಳತಿಯರು, ಪಕ್ಕದ ಮನೆಯ ಒಬ್ಬರು, ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು. ಕರೆದರೆ ಬರುವವರು, ಕೊಟ್ಟಲ್ಲಿ ಸಹಿ ಹಾಕುವವರು. ಎಲ್ಲರೂ ಒಳ್ಳೆಯವರು. ನನ್ನ ಮೇಲೆ ಪೂರ್ತಿ ನಂಬಿಕೆ ಇಟ್ಟವರು. ಆ ನಂಬಿಕೆಯಿಂದಲೇ ಯಾರೂ ಏನೂ ಕೇಳುತ್ತಿರಲಿಲ್ಲ.

ಆ ಭೇಟಿಯ ನಂತರ ನಾನು ಅವಸರಪಟ್ಟೆ. ಈ ಏಳು ಜನರ ಮಂಡಳಿಗೆ ‘ತೂಕ’ ಬೇಕು ಅನ್ನಿಸಿ, ಊರಲ್ಲಿ ಎಲ್ಲರೂ ಗೌರವ ಕೊಡುವ ಒಬ್ಬ ನಿವೃತ್ತ ಅಧಿಕಾರಿಯನ್ನು ಅಧ್ಯಕ್ಷರಾಗಿ ಬನ್ನಿ ಅಂತ ಕೇಳಿಕೊಂಡೆ. ಅವರು ಒಪ್ಪಿದರು. ಹೊಸ ಲೆಟರ್‌ಹೆಡ್ ಮಾಡಿಸಿದೆವು. ಬ್ಯಾಂಕಿನಲ್ಲಿ ಚೆಕ್ಕಿಗೆ ಅಧ್ಯಕ್ಷರು ಮತ್ತು ಕಾರ್ಯದರ್ಶಿ ಇಬ್ಬರ ಸಹಿ ಬೇಕು ಅಂತ ಠರಾವು ಮಾಡಿದೆವು. ಮೊದಲ ಸಭೆಗೆ ಬಂದರು, ಚೆನ್ನಾಗಿ ಮಾತಾಡಿದರು. ಎರಡನೇ ಸಭೆಯ ದಿನಾಂಕವನ್ನು ಅವರಿಗಾಗಿ ನಾಲ್ಕು ಸಲ ಬದಲಿಸಿದೆವು. ಆಮೇಲೆ ಅವರು ಮಗನ ಮನೆಗೆ ಅಂತ ಅಮೆರಿಕಕ್ಕೆ ಹೋದರು. ಖಾಲಿ ಚೆಕ್ಕಿಗೆ ಸಹಿ ಮಾಡಿಸಿ ಇಟ್ಟುಕೊಳ್ಳುವುದು ತಪ್ಪು ಅಂತ ನನಗೂ ಗೊತ್ತಿತ್ತು, ಹಾಗಾಗಿ ಮಾಡಿಸಿರಲಿಲ್ಲ. ಆ ತಿಂಗಳು ನಮ್ಮ ಹನ್ನೊಂದು ಶಿಕ್ಷಕಿಯರ ಗೌರವಧನ 23 ದಿನ ತಡವಾಯಿತು. ಸಹಿ ಮಾಡುವವರನ್ನು ಬದಲಿಸೋಣ ಅಂದರೆ ಬ್ಯಾಂಕಿಗೆ ಠರಾವಿನ ಪ್ರತಿ ಬೇಕು, ಎಲ್ಲರ ಕೆವೈಸಿ ಬೇಕು, ನೋಂದಣಾಧಿಕಾರಿ ಕಚೇರಿಯ ದೃಢೀಕರಿಸಿದ ಪದಾಧಿಕಾರಿಗಳ ಪಟ್ಟಿ ಬೇಕು. ವಾರ್ಷಿಕ ಮಹಾಸಭೆ ಆದ 14 ದಿನದೊಳಗೆ ಈ ಪಟ್ಟಿಯನ್ನು ಸಲ್ಲಿಸಬೇಕು ಅಂತ ಕಾಯ್ದೆಯಲ್ಲಿದೆ. ನಾವು ಆ ವರ್ಷ ಅದನ್ನೂ ತಡಮಾಡಿದ್ದೆವು. ಒಬ್ಬ ಶಿಕ್ಷಕಿ ಮಗುವಿನ ಔಷಧಿಗೆ ಸಾಲ ಮಾಡಿದ್ದು ಆಮೇಲೆ ಗೊತ್ತಾಯಿತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಲ್ಲಿಂದ ಮುಂದೆ ನಾನು ಹೆಸರು ಹುಡುಕುವುದನ್ನು ಬಿಟ್ಟೆ. ಮೊದಲು ನಮ್ಮಲ್ಲಿ ಏನಿಲ್ಲ ಅಂತ ಬರೆದೆ. ಲೆಕ್ಕ ಬಲ್ಲವರು ಇಲ್ಲ. ಕಾನೂನು ಬಲ್ಲವರು ಇಲ್ಲ. ನಮ್ಮ ಕೇಂದ್ರಕ್ಕೆ ಮಕ್ಕಳನ್ನು ಕಳಿಸುವ ತಂದೆತಾಯಿಯರಲ್ಲಿ ಒಬ್ಬರೂ ಇಲ್ಲ. ನನಗೆ ಎದುರು ಮಾತಾಡುವವರು ಇಲ್ಲ. ಈ ಕೊನೆಯ ಸಾಲು ಬರೆಯಲು ಎರಡು ದಿನ ಹಿಡಿಯಿತು. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ 31 ಹೆಸರು ಪಟ್ಟಿ ಮಾಡಿದೆ. ನಮ್ಮ ಲೆಕ್ಕಪರಿಶೋಧಕರನ್ನು ಕೇಳಿದೆ, ಶಿಕ್ಷಕಿಯರನ್ನು ಕೇಳಿದೆ, ಸ್ತ್ರೀಶಕ್ತಿ ಗುಂಪಿನವರನ್ನು ಕೇಳಿದೆ. ‘ಯಾರು ದೊಡ್ಡವರು?’ ಅಂತ ಕೇಳಲಿಲ್ಲ. ‘ಯಾರು ಹೇಳಿದ ಮಾತಿಗೆ ನಿಲ್ಲುತ್ತಾರೆ? ಯಾರು ಲೆಕ್ಕ ಬಿಡದೆ ಕೇಳುತ್ತಾರೆ?’ ಅಂತ ಕೇಳಿದೆ. ಉತ್ತರವಾಗಿ ಬಂದ ಹೆಸರುಗಳು ಪೂರ್ತಿ ಬೇರೆಯೇ ಆಗಿದ್ದವು.

ಹೆಸರು ಸಿಕ್ಕ ಕೂಡಲೇ ಮಂಡಳಿಗೆ ಬನ್ನಿ ಅಂತ ಯಾರನ್ನೂ ಕರೆಯಲಿಲ್ಲ. ಸಂಜೆ ಆರಕ್ಕೆ ಒಂದು ಕೇಂದ್ರಕ್ಕೆ ಬನ್ನಿ, ಸುಮ್ನೆ ನೋಡಿ ಹೋಗಿ ಅಂತ ಕರೆದೆ. ಬಂದವರಲ್ಲಿ ಕೆಲವರು ಮಕ್ಕಳಿಗೆ ಬಿಸ್ಕತ್ತು ಹಂಚಿ, ಫೋಟೊ ತೆಗೆಸಿಕೊಂಡು ಹೋದರು. ಅವರು ಈಗಲೂ ನಮಗೆ ಬೇಕಾದವರೇ, ಕಾರ್ಯಕ್ರಮಕ್ಕೆ ಕರೆಯುತ್ತೇವೆ. ಕೆಲವರು ಮಾತ್ರ ಎರಡನೇ ಸಲ ತಾವಾಗಿಯೇ ಬಂದರು. ಅಂಥವರಿಗೆ ಒಂದು ಸಣ್ಣ ಕೆಲಸ ಕೊಟ್ಟೆ. ಒಂದು ತಿಂಗಳ ವೋಚರ್ ನೋಡಿಕೊಡಿ, ಬಾಡಿಗೆ ಕರಾರು ಓದಿಕೊಡಿ, ಮೂರನೇ ತರಗತಿಯ ಎಂಟು ಮಕ್ಕಳ ಓದು ಕೇಳಿ ಬರೆದುಕೊಡಿ, ಹೀಗೆ. ಕೆಲಸ ಮಾಡಿ ಮುಗಿಸಿದವರನ್ನು ಎರಡು ಸಭೆಗಳಿಗೆ ಆಹ್ವಾನಿತರಾಗಿ ಕೂರಿಸಿದೆವು. ಮತ ಇಲ್ಲ, ಆದರೆ ಮಾತಾಡಬಹುದು. ಇಷ್ಟಕ್ಕೆ ಎಂಟು ಹತ್ತು ತಿಂಗಳು ಹಿಡಿಯುತ್ತದೆ. ಉದ್ದ ಆಯ್ತು ಅಂತ ಅನ್ನಿಸಬಹುದು. ಒಬ್ಬರನ್ನು ಮಂಡಳಿಯಿಂದ ಇಳಿಸುವ ಕಷ್ಟ ಕಂಡವರಿಗೆ ಹಾಗೆ ಅನ್ನಿಸುವುದಿಲ್ಲ.

ನಮ್ಮ ಈಗಿನ ಖಜಾಂಚಿ ಬಂದದ್ದು ಹೀಗೆಯೇ. ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ದುಡಿದು ನಿವೃತ್ತರಾದವರು. ಕೇಂದ್ರ ನೋಡಿದ ಮೇಲೆ ಚಹಾ ಕುಡಿಯುತ್ತಾ, ‘ಮಕ್ಕಳು ಚಲೋ ಓದ್ತಾರ್ರೀ. ನಾಳೆ ಕ್ಯಾಶ್ ಬುಕ್ ತಗೊಂಡ್ ಬರ್ರಿ’ ಅಂದರು. ತಂದುಕೊಟ್ಟೆ. ಒಂದು ವಾರ ಕೂತು ನೋಡಿದರು. ಗೌರವಧನವನ್ನು ನಾವು ನಗದಾಗಿ ಕೊಡುತ್ತಿದ್ದೆವು, ಕೆಲವು ವೋಚರಿಗೆ ಪಡೆದವರ ಸಹಿ ಇರಲಿಲ್ಲ, ಇನ್ನೊಂದು ಕಡೆ ಎರಡು ಯೋಜನೆಗಳ ದುಡ್ಡು ಕಲೆತು ಹೋಗಿತ್ತು. ಎಲ್ಲವನ್ನೂ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಕೊಟ್ಟರು. ನನ್ನ ಕೆಲಸವನ್ನು ಇಷ್ಟು ಮನಸ್ಸಿಟ್ಟು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ.

ಮಂಡಳಿಗೆ ಬನ್ನಿ ಅಂತ ಕೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ, ‘ನನ್ನ ಮ್ಯಾಲೆ ಏನೇನು ಹೊಣೆ ಬರ್ತೈತಿ?’ ಅಂತ. ಆವತ್ತಿನಿಂದ ಈ ಪ್ರಶ್ನೆಗೆ ಕೇಳುವ ಮೊದಲೇ ಉತ್ತರ ಕೊಡುತ್ತೇವೆ. ಬೈಲಾ ಅಂದರೆ ಸಂಘದ ನಿಯಮಾವಳಿ, ಮೂರು ವರ್ಷದ ಆಡಿಟ್ ವರದಿ, ಆದಾಯ ತೆರಿಗೆ ವಿನಾಯಿತಿಗೆ ಸಂಬಂಧಿಸಿದ 12ಎ ಮತ್ತು 80ಜಿ ಪತ್ರಗಳು, ಬಾಕಿ ಇರುವ ಸಾಲ, ಬಂದಿರುವ ನೋಟಿಸು ಎಲ್ಲವನ್ನೂ ಒಂದು ಫೈಲಿನಲ್ಲಿ ಕೊಡುತ್ತೇವೆ. ನಿಮ್ಮ ಹೆಸರು ಪ್ರತಿ ವರ್ಷ ನೋಂದಣಾಧಿಕಾರಿ ಕಚೇರಿಗೆ ಹೋಗುತ್ತದೆ, ಸ್ವಯಂಸೇವಾ ಸಂಸ್ಥೆಗಳು ಹೆಸರು ದಾಖಲಿಸುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಂಥ ಕಡೆ ಪ್ಯಾನ್, ಆಧಾರ್ ಕೊಡಬೇಕಾಗಬಹುದು ಅಂತಲೂ ಹೇಳುತ್ತೇವೆ. ಒಬ್ಬರು ಆಧಾರ್ ಕೊಡಲಾರೆ ಅಂತ ಹಿಂದೆ ಸರಿದರು. ಅದು ಅವರ ಇಷ್ಟ, ಬೇಜಾರಿಲ್ಲ. ಸರ್ಕಾರಿ ನೌಕರಿಯಲ್ಲಿ ಇರುವವರಿಗೆ ಮೊದಲು ಇಲಾಖೆಯ ಅನುಮತಿ ತನ್ನಿ ಅಂತ ನಾನೇ ಹೇಳುತ್ತೇನೆ.

ಫೈಲಿನ ಮೇಲೆ ಒಂದು ಪುಟದ ಚೀಟಿ ಇರುತ್ತದೆ. ವರ್ಷಕ್ಕೆ ಆರು ಸಭೆ, ಒಂದೊಂದೂ ಎರಡೂವರೆ ಗಂಟೆ. ಎರಡು ಕೇಂದ್ರಗಳ ಭೇಟಿ. ಮೂರು ವರ್ಷದ ಅವಧಿ. ಸಂಬಳ ಇಲ್ಲ, ಬಸ್ ಖರ್ಚು ಇದೆ. ದೇಣಿಗೆ ಎಷ್ಟಾದರೂ ಸರಿ, ಆದರೆ ಪ್ರತಿಯೊಬ್ಬರೂ ಕೊಡಬೇಕು. ಯಾರು ಎಷ್ಟು ಕೊಟ್ಟರು ಅಂತ ಸಭೆಯಲ್ಲಿ ಓದುವುದಿಲ್ಲ. ಈ ಚೀಟಿ ಬರುವ ಮೊದಲು ನಾವು ‘ನಿಮ್ಮ ಆಶೀರ್ವಾದ ಇದ್ದರೆ ಸಾಕು’ ಅಂತ ಕರೆಯುತ್ತಿದ್ದೆವು. ಹಾಗೆ ಕರೆದರೆ ಜನ ಆಶೀರ್ವಾದವನ್ನೇ ಕೊಡುತ್ತಾರೆ.

ಹೊಸಬರು ಬರಬೇಕಾದರೆ ಹಳಬರು ಜಾಗ ಬಿಡಬೇಕಲ್ವಾ? ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಅದು. ಏಳರಲ್ಲಿ ಮೂವರು ಒಂದೇ ಮನೆಯವರು. ಮೈದುನನದು ಪ್ರಿಂಟಿಂಗ್ ಪ್ರೆಸ್. ನಮ್ಮ ಓದುವ ಕಾರ್ಡುಗಳೆಲ್ಲ ಅಲ್ಲೇ ಅಚ್ಚಾಗುತ್ತಿದ್ದವು. ಕಡಿಮೆ ದರಕ್ಕೇ ಮಾಡಿಕೊಡುತ್ತಿದ್ದ, ಆದರೆ ಬೇರೆ ಕಡೆಯಿಂದ ಕೊಟೇಶನ್ ತರಿಸಿದ ದಾಖಲೆ ಇರಲಿಲ್ಲ. ಸಂಸ್ಥೆಯ ದುಡ್ಡಿನಿಂದ ಅದನ್ನು ನಡೆಸುವವರಿಗೆ, ಅವರ ಸಂಬಂಧಿಕರಿಗೆ ಅನುಚಿತ ಲಾಭ ಹೋದರೆ ತೆರಿಗೆ ವಿನಾಯಿತಿಗೇ ಕುತ್ತು ಬರುತ್ತದೆ ಅಂತ ನಮ್ಮ ಆಡಿಟರ್ ಬಿಡಿಸಿ ಹೇಳಿದರು.

2019ರ ಏಪ್ರಿಲ್‌ನಲ್ಲಿ ಒಂದು ಭಾನುವಾರ ಮೈದುನನ ಮನೆಗೆ ಹೋದೆ. ನಮ್ಮ ಮೊದಲ ಕೇಂದ್ರ ನಡೆದದ್ದು ಅವನ ಮನೆಯ ಹೊರಗಿನ ಕೋಣೆಯಲ್ಲಿ. ಮೂರು ವರ್ಷ ಒಂದು ರೂಪಾಯಿ ಬಾಡಿಗೆ ತೆಗೆದುಕೊಂಡಿರಲಿಲ್ಲ. ವಿಷಯ ಹೇಳಿದ ಮೇಲೆ ತುಂಬ ಹೊತ್ತು ಸುಮ್ಮನಿದ್ದ. ‘ನಾ ಏನು ತಪ್ಪು ಮಾಡೀನಿ ವೈನಿ?’ ಅಂತ ಕೇಳಿದ. ನೀನು ತಪ್ಪು ಮಾಡಿಲ್ಲ, ನಿಯಮ ಮೊದಲೇ ಮಾಡದೆ ಇದ್ದದ್ದು ನನ್ನ ತಪ್ಪು ಅಂದೆ. ನಮ್ಮ ಮನೆಯವರು ಆಗಲೇ ರಾಜೀನಾಮೆ ಬರೆದು ಕೊಟ್ಟಿದ್ದರು, ಅದನ್ನು ತೋರಿಸಿದೆ. ಊಟಕ್ಕೆ ಎಬ್ಬಿಸಿದರು, ಉಂಡೆವು, ಆದರೆ ಮಾತು ಇರಲಿಲ್ಲ. ಎರಡು ತಿಂಗಳು ಅವನು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವನು ಇವತ್ತಿಗೂ ಸಂಘದ ಸಾಮಾನ್ಯ ಸದಸ್ಯ. ಮಹಾಸಭೆಗೆ ಬರುತ್ತಾನೆ. ಹತ್ತನೇ ವರ್ಷದ ಕಾರ್ಯಕ್ರಮದಲ್ಲಿ ಆ ಹೊರಗಿನ ಕೋಣೆಯ ಫೋಟೊ ಇಟ್ಟು ಅವನನ್ನೂ ಅವನ ಹೆಂಡತಿಯನ್ನೂ ವೇದಿಕೆಗೆ ಕರೆದೆವು. ಅದು ಎಷ್ಟು ಸಾಕಾಯಿತೋ, ನಾನು ಕೇಳಿಲ್ಲ.

ಅದೇ ವರ್ಷ ಬೈಲಾ ತಿದ್ದಿದೆವು. ಮೂರು ವರ್ಷದ ಅವಧಿ, ಸತತವಾಗಿ ಎರಡೇ ಅವಧಿ, ಒಂದು ಮನೆಯಿಂದ ಒಬ್ಬರೇ. ಚೆಕ್ಕಿಗೆ ಮೂವರಲ್ಲಿ ಯಾರಾದರೂ ಇಬ್ಬರ ಸಹಿ. ಠರಾವು ಮಾಡಿ ಇಟ್ಟುಕೊಂಡರೆ ಆಗುವುದಿಲ್ಲ, ತಿದ್ದಿದ್ದನ್ನು ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬೇಕು. ಟ್ರಸ್ಟ್ ಮಾಡಿಕೊಂಡ ಗೆಳೆಯರಿಗೆ ಇದು ಇನ್ನೂ ಕಷ್ಟ. ಅನೇಕ ಟ್ರಸ್ಟ್ ಡೀಡುಗಳಲ್ಲಿ ಟ್ರಸ್ಟಿಗಳು ಜೀವನಪರ್ಯಂತ ಅಂತ ಬರೆದಿರುತ್ತಾರೆ. ಹೊಸದಾಗಿ ಡೀಡು ಬರೆಸುವವರು ಆ ಒಂದು ಸಾಲನ್ನು ದಯವಿಟ್ಟು ಎರಡು ಸಲ ಓದಿ.

ತಾಯಂದಿರ ಕಡೆಯಿಂದ ಒಬ್ಬರು ಬೇಕು ಅಂತ ಬರೆದುಕೊಂಡಿದ್ದೆನಲ್ಲ, ಅದು ಕೈಗೂಡಿದ್ದು 2022ರಲ್ಲಿ. ಆಕೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ತೆಗೆಯುವ ಕೆಲಸಕ್ಕೆ ಹೋಗುವವರು. ಇಬ್ಬರು ಮಕ್ಕಳು ನಮ್ಮ ಕೇಂದ್ರದಲ್ಲಿ. ಕೇಂದ್ರಕ್ಕೆ ಬರದ ಮಕ್ಕಳ ಮನೆಗೆ ತಾವೇ ಹೋಗಿ ಕರೆತರುತ್ತಿದ್ದರು. ಅವರನ್ನು ಕರೆಯುವ ಮೊದಲು ನಾವು ನಮ್ಮನ್ನೇ ಬದಲಿಸಿಕೊಳ್ಳಬೇಕಾಯಿತು. ಸಭೆ ಸೋಮವಾರ ನಡೆಯುತ್ತಿತ್ತು. ಬ್ಯಾಡಗಿ ಮಾರುಕಟ್ಟೆ ಸೋಮವಾರ ಮತ್ತು ಗುರುವಾರ. ಸಭೆಯನ್ನು ಭಾನುವಾರ ಮಧ್ಯಾಹ್ನಕ್ಕೆ ಹಾಕಿದೆವು. ಬಸ್ ಖರ್ಚನ್ನು ಎಲ್ಲ ಸದಸ್ಯರಿಗೂ ಕೊಡುವುದು ಅಂತ ಠರಾವು ಮಾಡಿದೆವು. ಆಕೆಗೆ ಮಾತ್ರ ಕೊಟ್ಟರೆ ಆಕೆ ಬೇರೆ ಅಂತ ಎದ್ದು ಕಾಣುತ್ತಿತ್ತು.

ಮೊದಲ ಮೂರು ಸಭೆ ಆಕೆ ಬಾಯಿ ಬಿಡಲಿಲ್ಲ. ತಪ್ಪು ನಮ್ಮದೇ. ಕಾರ್ಯಸೂಚಿಯಲ್ಲಿ ಮೊದಲು ಆಡಿಟ್, ಆಮೇಲೆ ಅನುದಾನ, ಕೊನೆಗೆ ಕೇಂದ್ರಗಳ ವಿಷಯ. ಅಷ್ಟು ಹೊತ್ತಿಗೆ ಎಲ್ಲರೂ ದಣಿದಿರುತ್ತಿದ್ದರು. ನಾವು ಕೇಂದ್ರಗಳ ವರದಿಯನ್ನು ಮೊದಲಿಗೆ ತಂದೆವು. ಸಭೆಯ ಹಿಂದಿನ ಸಂಜೆ ನಾನು ಆಕೆಯ ಮನೆಗೆ ಹೋಗಿ, ಕಟ್ಟೆಯ ಮೇಲೆ ಕೂತು, ನಾಳೆ ಏನೇನು ವಿಷಯ ಬರುತ್ತದೆ ಅಂತ ಮಾತಿನಲ್ಲೇ ಹೇಳತೊಡಗಿದೆ. ನಾಲ್ಕನೇ ಸಭೆಯಲ್ಲಿ, ಜನವರಿಯಿಂದ ಮಾರ್ಚ್‌ವರೆಗೆ ಹಾಜರಾತಿ ಯಾಕೆ ಬೀಳುತ್ತದೆ ಅಂತ ನಾವೆಲ್ಲ ಚರ್ಚೆ ಮಾಡುತ್ತಿದ್ದೆವು. ಶಿಕ್ಷಕಿಯರಿಗೆ ತರಬೇತಿ ಕೊಡೋಣ ಅಂತ ಒಬ್ಬರು, ಬಹುಮಾನ ಇಡೋಣ ಅಂತ ಒಬ್ಬರು. ಆಕೆ, ‘ಅಕ್ಕಾರ, ಸುಗ್ಗ್ಯಾಗ ಹುಡುಗ್ರು ಸಾಲಿ ಬಿಟ್ಟ ಮ್ಯಾಲೆ ನಮ್ಮ ಕಡೆ ಬಂದು ಕುಂದರ್ತಾವ್ರಿ. ನಾವು ಮನಿಗೆ ಬರೋದು ಏಳಕ್ಕ. ಏಳರ ಮ್ಯಾಲೆ ಇಟ್ರ ಬರ್ತಾವು’ ಅಂದರು. ಮರುವರ್ಷ ಸುಗ್ಗಿಯಲ್ಲಿ ಆ ಭಾಗದ ಐದು ಕೇಂದ್ರಗಳ ಸಮಯ ಬದಲಿಸಿದೆವು. ಮಕ್ಕಳು ಬಂದರು. ತರಬೇತಿಗೆ ಇಟ್ಟಿದ್ದ ದುಡ್ಡು ಸೋಲಾರ್ ದೀಪಕ್ಕೆ ಹೋಯಿತು.

ಉಳಿಸಿಕೊಳ್ಳಲಾಗದೆ ಹೋದವರೂ ಇದ್ದಾರೆ. ನಮ್ಮ ತಾಲ್ಲೂಕಿನವರೇ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಒಬ್ಬ ಹುಡುಗ. ಕಲಿಕೆಯ ದಾಖಲೆಗಳನ್ನು ಕಂಪ್ಯೂಟರಿಗೆ ತರುತ್ತೇನೆ ಅಂತ ಆಸೆಯಿಂದ ಬಂದಿದ್ದರು. ಏಳು ತಿಂಗಳಿಗೆ ಬಿಟ್ಟರು. ಅವರಿಗೆ ನಾನು ಕಳಿಸಿದ್ದ ಮೆಸೇಜುಗಳನ್ನು ಆಮೇಲೆ ಕೂತು ಓದಿ ನೋಡಿದೆ. ಬಹುಪಾಲು ದೇಣಿಗೆಯ ಬಗ್ಗೆಯೇ ಇದ್ದವು. ನಿಮ್ಮ ಕಂಪನಿಯಲ್ಲಿ ಕೇಳಿ, ನಿಮ್ಮ ಗೆಳೆಯರಿಗೆ ಹೇಳಿ ಅಂತ. ದಾಖಲೆಯ ಕೆಲಸದ ಬಗ್ಗೆ ನಾನು ಒಮ್ಮೆಯೂ ಕೇಳಿರಲಿಲ್ಲ. ಫೋನ್ ಮಾಡಿ ಕ್ಷಮೆ ಕೇಳಿದೆ. ಈಗ ಪ್ರತಿ ಸದಸ್ಯರ ಜೊತೆ ವರ್ಷಕ್ಕೊಮ್ಮೆ, ಸಭೆಯ ಹೊರಗೆ, ಒಂದು ಗಂಟೆ ಕೂರುತ್ತೇನೆ. ಏನು ಮಾಡಬೇಕು ಅಂತ ಬಂದಿದ್ದಿರಿ, ಅದು ಆಗುತ್ತಿದೆಯಾ ಅಂತ ಕೇಳುತ್ತೇನೆ.

ಈಗ ಮಂಡಳಿಯಲ್ಲಿ ಒಂಬತ್ತು ಜನ ಇದ್ದೇವೆ. ಹೋದ ವರ್ಷ ಸಂಚಾರಿ ಗ್ರಂಥಾಲಯಕ್ಕೆ ಒಂದು ಹಳೆಯ ವ್ಯಾನ್ ಕೊಳ್ಳೋಣ ಅಂತ ನಾನು ಪ್ರಸ್ತಾವ ತಂದೆ. ನನಗೆ ಅದು ಬಹಳ ದಿನದ ಆಸೆ. ಡೀಸೆಲ್, ವಿಮೆ, ಡ್ರೈವರ್ ಸಂಬಳಕ್ಕೆ ಎರಡನೇ ವರ್ಷ ದುಡ್ಡೆಲ್ಲಿ ಅಂತ ಖಜಾಂಚಿ ಕೇಳಿದರು. ನನ್ನ ಹತ್ತಿರ ಲೆಕ್ಕ ಇರಲಿಲ್ಲ. ಐವರು ಬೇಡ ಅಂದರು, ನಾಲ್ವರು ಬೇಕು ಅಂದೆವು. ಪ್ರಸ್ತಾವವನ್ನು ಐದು–ನಾಲ್ಕು ಮತಗಳಿಂದ ಕೈಬಿಡಲಾಯಿತು ಅಂತ ನಡಾವಳಿಯಲ್ಲಿ ನಾನೇ ಬರೆದೆ. ಬೇಸರ ಆಗಿತ್ತು. ಆದರೂ ಆ ಪುಟವನ್ನು ಇನ್ನೊಮ್ಮೆ ತಿರುಗಿಸಿ ಓದಿ ಮನೆಗೆ ಹೋದೆ.

ಬರುವ ಮಹಾಸಭೆಗೆ ಇಬ್ಬರ ಅವಧಿ ಮುಗಿಯುತ್ತದೆ. ಕಾನೂನು ಬಲ್ಲವರ ಜಾಗ ಅದರಲ್ಲಿ ಒಂದು. ಹಿರೇಕೆರೂರಿನ ಕಡೆಯ ಒಬ್ಬ ವಕೀಲೆ ಈಗ ನಮ್ಮ ಹದಿನಾಲ್ಕು ಕೇಂದ್ರಗಳ ಬಾಡಿಗೆ ಕರಾರುಗಳನ್ನು ಓದುತ್ತಿದ್ದಾರೆ. ಆರು ಮುಗಿಸಿದ್ದಾರೆ, ಎರಡರಲ್ಲಿ ತಪ್ಪು ಹಿಡಿದಿದ್ದಾರೆ. ಮಂಡಳಿಯ ವಿಷಯ ನಾನಿನ್ನೂ ಅವರ ಹತ್ತಿರ ಎತ್ತಿಲ್ಲ.